ಗೋಡೆಯಾಚೆಯ ರೊಟ್ಟಿ

ಕಿತ್ತೂರಿನಲ್ಲಿ ಗಣಿತದ ಟ್ಯೂಶನ್ ಹೇಳುವ ಕೃಷ್ಣಾಜಿ ಮಾಸ್ತರರಿಗೆ ಪಕ್ಕದ ಕೋಣೆಯಿಂದ ನಗು ಕೇಳಿಸಿದರೆ ಮೈ ಉರಿಯುತ್ತದೆ. ಅಲ್ಲಿ ಹೊಸದಾಗಿ ಟ್ಯೂಶನ್ ತೆರೆದಿರುವ ನರ್ಮದಾ ಟೀಚರು ಲಂಬರೇಖೆಯ ಸಮೀಕರಣ ಹೇಳಿಕೊಡುವಾಗ, "ಇಳಿಜಾರನ್ನ ರೊಟ್ಟಿ ತಿರುವಿದಂಗ ತಿರುವ್ರಿ, ಚಿಹ್ನೆ ಬದಲ ಮಾಡ್ರಿ, ಮುಗೀತು" ಅನ್ನುತ್ತಾರೆ. ಮೇಲಿನ ಅಂಕಿ ಕೆಳಗೆ, ಕೆಳಗಿನದು ಮೇಲೆ ಹೋಗಿ ಎರಡು ಇದ್ದದ್ದು ಮೈನಸ್ ಅರ್ಧವಾಗುತ್ತದೆ, ಮಕ್ಕಳು ನಗುತ್ತಾರೆ. ಮಾಸ್ತರರು ಮಾತ್ರ ಮೂಲೆಮಟ್ಟ ಹಿಡಿದು, ತ್ರಿಕೋನ ಬರೆದು, ಪೈಥಾಗೊರಸ್‌ನಿಂದ ಶುರುಮಾಡಿ ಅದೇ ಸೂತ್ರವನ್ನು ಸಾಧಿಸಿ ತೋರಿಸದೆ ಬಿಡುವವರಲ್ಲ. ಅಷ್ಟರಲ್ಲಿ ಹಿಂದಿನ ಬೆಂಚು ಆಕಳಿಸುತ್ತದೆ, ಮುಂದಿನ ವಾರ ಆ ಬೆಂಚಿನವರೆಲ್ಲ ಗೋಡೆಯಾಚೆ ಇರುತ್ತಾರೆ. "ಹೋಗ್ರಿ, ಹೋಗಿ ರೊಟ್ಟಿ ಬಡೀರಿ. ಗಣಿತ ಅಂದ್ರ ಅಡಗಿಮನಿ ಏನು?" ಎಂದು ಮಾಸ್ತರರು ಗೋಡೆಯಾಚೆಗೆ ಮುಟ್ಟುವಂತೆ ಹೇಳುತ್ತಾರೆ. ಚಹಾದಂಗಡಿಯಲ್ಲೂ ಅದೇ ಮಾತು, ಸಿರಸಂಗಿಗೆ ಹೋಗಿ ಕಾಳಿಕಾದೇವಿಗೆ ಕೈಮುಗಿದಾಗಲೂ ಅದೇ ದೂರು. ಆದರೆ ಮೊನ್ನೆ ಪರೀಕ್ಷೆಯ ಹಿಂದಿನ ಸಂಜೆ, ಎಷ್ಟು ಸಲ ಹೇಳಿದರೂ ಆ ಸಾಧನೆ ತಲೆಗೆ ಹತ್ತದೆ ಅವರ ವಿದ್ಯಾರ್ಥಿನಿ ಪೂನಮ್ ಕಣ್ಣೀರು ತುಂಬಿಕೊಂಡು ಕೂತಾಗ, ಮಾಸ್ತರರು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದರು. ಅವಳ ಪಕ್ಕ ಬಾಗಿ, "ಅಳಬ್ಯಾಡ ತಂಗಿ, ರೊಟ್ಟಿ ತಿರುವಿದಂಗ ತಿರುವು" ಎಂದರು. "ಮೆಲ್ಲಗ. ಆಕಿಗೆ ಕೇಳಿಸೀತು."