ಆಮೆನ್ ಆದ ಮೇಲೆ

ಆಗ ನಮ್ಮ ಅತ್ತೆ ನನ್ನೊಡನೆ ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. ಒಂದೇ ಮನೆ, ಒಂದೇ ಅಡಿಗೆ, ಆದರೆ ಮಾತೆಲ್ಲ ಬೆಕ್ಕಿನ ಮೂಲಕ. "ಏ ಬೆಕ್ಕೇ, ಸಾರು ಆರ್ತಾ ಅದೆ, ಓದೂವ್ರಿಗೆ ಉಂಬೂಕೆ ಹೇಳು" ಎಂದು ಒಳಗಿನಿಂದ ಕೂಗುತ್ತಿದ್ದರು. ಬೆಕ್ಕು ಮೀಸೆ ನೆಕ್ಕುತ್ತಾ ಕೂತಿರುತ್ತಿತ್ತು. ನಾನು ಎದ್ದು ಹೋಗಿ ಉಣ್ಣುತ್ತಿದ್ದೆ. ನನ್ನ ಗಂಡ ಯಾರ ಪಕ್ಷವನ್ನೂ ಹಿಡಿಯದೆ ತಟ್ಟೆಗೆ ತಲೆ ಬಗ್ಗಿಸಿ ಬದುಕಿಕೊಂಡಿದ್ದರು.

ಕಾರಣ ನನ್ನ ಪಿಎಚ್.ಡಿ. ಭಟ್ಕಳದ ಕಾಲೇಜೊಂದರಲ್ಲಿ ಪಾಠ ಮಾಡಿಕೊಂಡಿದ್ದ ನಾನು, ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ, ಕ್ರೈಸ್ತ ಅಧ್ಯಾತ್ಮದಲ್ಲಿ ಸಂಶೋಧನೆಗೆ ಹೆಸರು ಕೊಟ್ಟಿದ್ದೆ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ದಿನಾ ಸಂಜೆ ನಡೆಯುವ ಪ್ರಾರ್ಥನೆ ನನ್ನ ವಿಷಯ. ಪಕ್ಕದ ಹಳ್ಳಿ ಮುಟ್ಟಳ್ಳಿಯ ಗದ್ದೆಮನೆಯ ಸೊಸೆಗೆ ಇದೆಂಥ ಹುಚ್ಚು ಎಂದು ಪೇಟೆಯಲ್ಲಿ ಕೇಳದವರಿಲ್ಲ. ತರಕಾರಿ ಅಂಗಡಿಯವನಂತೂ, "ಎಂತ ಮೇಡಂ, ಇದು ಮುಗ್ದ ಮೇಲೆ ಪಾದ್ರಿ ಆಗ್ತೀರ್ಯಾ?" ಎಂದು ಬದನೆಕಾಯಿ ತೂಗುತ್ತಲೇ ವಿಚಾರಿಸಿದ್ದ.

ಸೊಸೆ ಎಲ್ಲಿ ಮತ ಬದಲಾಯಿಸಿಬಿಡುತ್ತಾಳೋ ಎಂದು ಅತ್ತೆ ಹೆದರಿದರು ಅಂದುಕೊಂಡರೆ ನೀವು ನಮ್ಮ ಅತ್ತೆಯನ್ನು ನೋಡಿಲ್ಲ. "ದೇವ್ರು ಅವ್ರವ್ರ ಮನೇದು, ನಮ್ಗೆಂತಕ್ಕೆ?" ಎನ್ನುವವರು ಅವರು. ಅವರ ಸಿಟ್ಟೇ ಬೇರೆ. ಒಂದು ದಿನ ಹೊನ್ನಾವರದಿಂದ ಬಂದು ಜಗಲಿಯಲ್ಲಿ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿ ತಂದಿದ್ದನ್ನು ಕೇಳುತ್ತಿದ್ದೆ. ಪಕ್ಕದಲ್ಲಿ ಅತ್ತೆ ಹರಿವೆ ಸೊಪ್ಪು ಬಿಡಿಸುತ್ತಿದ್ದರು.

"ಎಂತ ಅದು?"

"ಹೊನ್ನಾವರದ ಒಬ್ರು ಅಜ್ಜಿ ಸಂಜೆ ದೀಪ ಹಚ್ಚಿ ಹೇಳೂ ಪ್ರಾರ್ಥನೆ, ಹಾಡು."

ಅತ್ತೆ ಇನ್ನೆರಡು ದಂಟು ಮುರಿದರು. ಆಮೇಲೆ, "ದೀಪ ಹಚ್ಚಿ ಹಾಡೂದು ನಂಗೂ ಬತ್ತದೆ" ಎಂದರು.

ಓದಿದ ಕೋಣ ನಾನು, ತಲೆ ಸಹ ಎತ್ತದೆ ಹೇಳಿದೆ: "ಅದು ನನ್ನ ವಿಷಯಕ್ಕೆ ಬರೂದಿಲ್ಲ ಅತ್ತೆ."

"ಆತು" ಎಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಅದೇ ಕೊನೆಯ ಮಾತು. ನಾಟಿಯ ಗದ್ದೆಯಲ್ಲಿ ಇವರು ಹಾಡೆತ್ತಿದರೆ ಪಕ್ಕದ ಗದ್ದೆಯ ಹೆಂಗಸರೂ ಸೊಲ್ಲು ಕೂಡಿಸುತ್ತಾರೆ. ಅಂಥವರಿಗೆ ನಾನು ಹಾಗೆ ಹೇಳಿದ್ದೆ. ತಪ್ಪೆಂದು ಮರುದಿನವೇ ಗೊತ್ತಾಯಿತು. ಆದರೆ ನನಗೂ ಹಠ. ಬೆಕ್ಕಿಗೆ ಹೇಳುವವರು ನನಗೇ ಹೇಳಲಿ, ಆಗ ನೋಡೋಣ ಎಂದು ಬಿಗಿದುಕೊಂಡೆ. ಹೀಗೆ ನಾಲ್ಕು ತಿಂಗಳು ಹೋದವು.

ಅಷ್ಟರಲ್ಲಿ ಕುಮಟೆಯಲ್ಲಿದ್ದ ನನ್ನ ಮಾರ್ಗದರ್ಶಕರು ಪ್ರಾರ್ಥನೆಯ ಅಧ್ಯಾಯವನ್ನು ವಾಪಸು ಕೊಟ್ಟರು. ಐವತ್ತು ಪುಟದ ಕೊನೆಯಲ್ಲಿ ಕೆಂಪು ಶಾಯಿಯ ಒಂದೇ ಪ್ರಶ್ನೆ: ಪ್ರಾರ್ಥನೆ ಮುಗಿದ ಮೇಲೆ ಏನು ಮಾಡುತ್ತಾರೆ?

"ಊಟ ಮಾಡ್ತಾರೆ ಸರ್" ಎಂದೆ.

"ನೀವು ನೋಡಿದ್ದೀರಾ?"

ನೋಡಿರಲಿಲ್ಲ. ಹೊನ್ನಾವರದ ಅಜ್ಜಿಯ ಮನೆಯಲ್ಲಿ ಏಳು ಗಂಟೆಗೆ ಜಪಮಾಲೆ ಶುರು. ಭಟ್ಕಳದ ಬಸ್ಸು ಏಳೂಮುಕ್ಕಾಲಿಗೆ. ಕೊನೆಯ ಆಮೆನ್ ಬಿದ್ದದ್ದೇ ತಡ, ಫೋನು ಬ್ಯಾಗಿಗೆ, ಬ್ಯಾಗು ಹೆಗಲಿಗೆ, ನಾನು ರಸ್ತೆಗೆ. ಎರಡು ವರ್ಷದ ನನ್ನ ಧ್ವನಿಮುದ್ರಣಗಳೆಲ್ಲ ಆಮೆನ್‌ಗೇ ಗಕ್ಕನೆ ನಿಂತಿದ್ದವು. ಬಸ್ಸಿನ ಕಥೆ ಕೇಳಿ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಒಂದು ದಿನ ಬಸ್ಸು ಬಿಡಿ ಮಾರಾಯ್ರೆ" ಎಂದರು.

ಬಿಟ್ಟೆ. ಮುಂದಿನ ಶನಿವಾರ ರಾತ್ರಿ ಉಳಿಯುವ ತಯಾರಿಯಲ್ಲೇ ಹೊನ್ನಾವರಕ್ಕೆ ಹೋದೆ. ಅವತ್ತು ಆ ಮನೆಯಲ್ಲೂ ಹವಾ ಸರಿ ಇರಲಿಲ್ಲ. ಬೆಳಿಗ್ಗೆ ಬಂಗಡೆ ಸಾರಿಗೆ ಹುಳಿ ಜಾಸ್ತಿಯಾಯಿತೆಂದು ಅಜ್ಜಿಗೂ ಅವರ ಸೊಸೆಗೂ ಮಾತು ಬೆಳೆದಿತ್ತಂತೆ. ಇಬ್ಬರೂ ಮುಖ ಊದಿಸಿಕೊಂಡು ಒಂದೊಂದು ಗೋಡೆಯ ಬದಿಗೆ ಮೊಣಕಾಲೂರಿದ್ದರು. ಇಬ್ಬರ ಬಾಯಲ್ಲೂ ಅದೇ ಕೊಂಕಣಿ ಪ್ರಾರ್ಥನೆ. ನನಗೋ ನಮ್ಮ ಮನೆಯನ್ನೇ ನೋಡಿದ ಹಾಗಾಗಿ, ದೇವರ ಮುಂದೆ ನಗು ತಡೆಯುವುದೇ ಕಷ್ಟವಾಯಿತು.

ಆಮೆನ್ ಆಯಿತು. ಯಾರೂ ಊಟಕ್ಕೆ ಏಳಲಿಲ್ಲ. ಅಜ್ಜಿ ಕುರ್ಚಿಯಲ್ಲಿ ಕೂತರು. ಮೊಮ್ಮಗಳು, ಮಗ, ಒಬ್ಬೊಬ್ಬರಾಗಿ ಎದುರಿಗೆ ಬಂದು ಕೈಮುಗಿದು ಆಶೀರ್ವಾದ ಕೇಳಿದರು. ಅಜ್ಜಿ ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು, ದೇವರು ಒಳ್ಳೆಯದು ಮಾಡಲಿ ಎಂದರು. ಕೊನೆಗೆ ಸೊಸೆಯ ಸರದಿ. ಅವಳು ನೆಲ ನೋಡುತ್ತಾ ಬಂದು ಕೈಮುಗಿದಳು. ಅಜ್ಜಿ ಕೈಯಲ್ಲಿದ್ದ ಜಪಮಾಲೆಯನ್ನು ಮಡಿಲಿಗಿಟ್ಟರು. ಆಮೇಲೆ ಕೈ ಮೇಲೆದ್ದು ಸೊಸೆಯ ತಲೆಯ ಮೇಲೆ ಕೂತಿತು. ಆಶೀರ್ವಾದ ಮುಗಿದ ಮೇಲೆ, ನನಗೂ ತಿಳಿಯಲೆಂದು ಕನ್ನಡದಲ್ಲೇ, "ನಾಳೆ ಹುಳಿ ಕಮ್ಮಿ ಹಾಕು" ಎಂದರು. ಸೊಸೆ ಕಿಸಕ್ಕನೆ ನಕ್ಕಳು. ಜಗಳ ಅಲ್ಲಿಗೆ ಮುಗಿಯಿತು.

"ದಿನಾ ಹೀಗೇ ಎಂತ ಅಮ್ಮಾ?"

"ದಿನಾ. ಸಿಟ್ಟಿದ್ರೂ ಕೇಳ್ಬೇಕು, ಸಿಟ್ಟಿದ್ರೂ ಕೊಡ್ಬೇಕು. ಅಷ್ಟಾಗದೆ ನಮ್ಮಲ್ಲಿ ಅನ್ನ ಬಡಿಸೂದಿಲ್ಲ" ಎಂದ ಅಜ್ಜಿ ನನ್ನ ಕಡೆ ತಿರುಗಿದರು. "ನಿಮ್ಮ ಮನೇಲಿ ನೀ ಯಾರ ಹತ್ರ ಕೇಳ್ತಿ ಮಗಳೇ?"

ನಾನು ಸೊಪ್ಪು, ಬೆಕ್ಕು, ನಾಲ್ಕು ತಿಂಗಳು ಎಲ್ಲ ಹೇಳಿಬಿಟ್ಟೆ. ಬೆಕ್ಕಿನ ಭಾಗಕ್ಕೆ ಇಡೀ ಮನೆ ಬಿದ್ದು ಬಿದ್ದು ನಕ್ಕಿತು. ಅಜ್ಜಿ ಮಾತ್ರ ನಗಲಿಲ್ಲ. "ನನ್ನ ಹಾಡು ಕೇಳೂಕೆ ಎರಡು ವರ್ಷ ಬಸ್ಸಲ್ಲಿ ಬಂದೆ. ಅವ್ರದ್ದು ಕೇಳೂಕೆ ಬಸ್ಸು ಬೇಕಾ?" ಎಂದರು. ನಾಚಿಕೆಯಿಂದ ನನ್ನ ಕಿವಿಯೆಲ್ಲ ಬಿಸಿಯಾಯಿತು.

ಮರುದಿನ ಹೊತ್ತು ಮುಳುಗುವುದರೊಳಗೆ ಮುಟ್ಟಳ್ಳಿಯಲ್ಲಿದ್ದೆ. ಅತ್ತೆ ತುಳಸಿಯ ಮುಂದೆ ದೀಪ ಹಚ್ಚುತ್ತಿದ್ದರು. ಹೋಗಿ, ಬ್ಯಾಗು ಅಲ್ಲೇ ಕೆಳಗಿಟ್ಟು, ಕಾಲಿಗೆ ಬಿದ್ದೆ. ನಮ್ಮಲ್ಲಿ ಕಾಲಿಗೆ ಬೀಳುವುದು ಹಬ್ಬಕ್ಕೆ, ಮದುವೆಗೆ ಮಾತ್ರ. ಅತ್ತೆ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯ, ಎಂತ ಆತೇ ನಿಂಗೆ? ಇವತ್ತು ಯಾವ ಹಬ್ಬ?"

ಮಾತು ಬೆಕ್ಕಿಗಲ್ಲ, ನನಗೇ! ಅದು ತಮಗೂ ಹೊಳೆದು ತುಟಿ ಕಚ್ಚಿಕೊಂಡರು. ನಾನು ಬಿಡಲಿಲ್ಲ. "ಅವತ್ತು ಹಾಗೆ ಹೇಳಿದ್ದು ತಪ್ಪಾಯ್ತು ಅತ್ತೆ. ಹಾಡ್ತೀರಾ? ನಂಗೆ ಕೇಳ್ಬೇಕು" ಎಂದೆ.

"ನಿನ್ನ ವಿಷಯಕ್ಕೆ ಬರೂದಿಲ್ಲಲ್ಲ."

"ಬರೂದಿಲ್ಲ. ನಂಗೆ ಬೇಕು."

ಅತ್ತೆ ಸೆರಗು ಸರಿಮಾಡಿಕೊಂಡರು. ಬತ್ತಿ ಮುಂದೆ ತಳ್ಳಿದರು. ಕೆಮ್ಮಿದರು. "ಆ ಫೋನು ಹಚ್ಚಿದ್ಯಾ?" ಎಂದು ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿ ಹಾಡಿದರು. ಮದುವೆಯಾಗಿ ಹದಿನಾರು ವರ್ಷ, ದಿನಾ ಸಂಜೆ ನನ್ನ ಕಿವಿಗೆ ಬಿದ್ದದ್ದೇ. ಕೂತು ಕೇಳಿದ್ದು ಅವತ್ತೇ ಮೊದಲು. ನನಗೆ ಅಳು ಬಂತು.

ಹಾಡು ಮುಗಿಯಿತು. ಎರಡು ವರ್ಷದ ಚಾಳಿ, ನನ್ನ ಬೆರಳು ತಾನಾಗಿಯೇ ಫೋನು ನಿಲ್ಲಿಸಲು ಹೋಯಿತು. ಅತ್ತೆ ಗಪ್ಪನೆ ಕೈ ಹಿಡಿದರು.

"ನಿಲ್ಸಬೇಡ. ನಿಂಗೆ ಬೈಯೂದು ಬಾಕಿ ಅದೆ."

ಬೈದರು ನೋಡಿ! ನನ್ನ ಓದಿಗೆ, ಸೊಕ್ಕಿಗೆ, ಉಪ್ಪಿಲ್ಲದ ನನ್ನ ಪಲ್ಯಕ್ಕೆ, ಯಾವುದಕ್ಕೂ ಬಾಯಿ ಹಾಕದ ನನ್ನ ಗಂಡನಿಗೆ, ಒಬ್ಬರನ್ನೂ ಬಿಡದೆ ಬೈದರು. ಕೊನೆಗೆ ಸ್ವರ ಸಣ್ಣದಾಯಿತು. "ನಾಲ್ಕು ತಿಂಗಳು! ಒಂದ್ಸಲ ಬಂದು ಅತ್ತೇ ಅಂತ ಕರೀಲಿಲ್ಲ ನೀನು. ಆ ಬೆಕ್ಕಿನ ಹತ್ರ ಮಾತಾಡಿ ಮಾತಾಡಿ ನಂಗೆ ಸಾಕಾಗಿ ಹೋಗಿತ್ತು" ಎಂದರು. ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ.

ಅಧ್ಯಾಯ ಒಪ್ಪಿಗೆಯಾಯಿತು, ಪದವಿಯೂ ಬಂತು. ಅತ್ತೆಯ ಹಾಡು ಆ ಪ್ರಬಂಧದಲ್ಲಿಲ್ಲ, ನನ್ನ ಫೋನಿನಲ್ಲಿದೆ. ಹಾಡು ನಾಲ್ಕು ನಿಮಿಷ, ಬೈಗುಳ ಹನ್ನೊಂದು ನಿಮಿಷ. ನಾನು ಮತ್ತೆ ಮತ್ತೆ ಹಾಕಿಕೊಂಡು ಕೇಳುವುದು ಬೈಗುಳವನ್ನೇ.