ನನ್ನ ಕಾಮಿಕ್ಸಿನಲ್ಲಿ ಸಾಯದ ವಸ್ತಾದರು

ನನ್ನ ಕುಸ್ತಿ ಗುರು ವಸ್ತಾದರ ಕಿವಿಗಳು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಮುದುಡಿದ್ದವು. ಕುಸ್ತಿ ಹಿಡಿದು ಹಿಡಿದು ಹಾಗಾದ ಕಿವಿಗಳು. ಅವುಗಳ ಮೇಲೆ ಚಾಳೀಸಿನ ಕನ್ನಡಕ ನಿಲ್ಲುತ್ತಿರಲಿಲ್ಲ. ಅದಕ್ಕೇ ಲಂಗೋಟದ ಲಾಡಿಯೊಂದನ್ನು ಚಾಳೀಸಿಗೆ ಕಟ್ಟಿ, ತಲೆಯ ಹಿಂದೆ ಗಂಟು ಹಾಕಿಕೊಳ್ಳುತ್ತಿದ್ದರು.

ಹೈಸ್ಕೂಲಿನಲ್ಲಿದ್ದಾಗ ನಾನು ಸಾಂಬ್ರಾಣಿಯಿಂದ ಬಸ್ಸು ಹಿಡಿದು ಹಳಿಯಾಳದ ಅವರ ಗರಡಿಗೆ ಕುಸ್ತಿ ಕಲಿಯಲು ಹೋಗುತ್ತಿದ್ದೆ. ಕಾಲಿಡುತ್ತಲೇ ಅವರ ಮೊದಲ ಮಾತು, "ಉಂಡಿಯೇನವ್ವಾ?" ಇಲ್ಲವೆಂದರೆ ಒಂದು ಹಿಡಿ ನೆನೆಸಿದ ಕಡಲೆ ತಿನ್ನಿಸಿಯೇ ಅಖಾಡಕ್ಕೆ ಬಿಡುತ್ತಿದ್ದರು. ನನಗೋ ಪಟ್ಟು ಕಲಿಯುವುದಕ್ಕಿಂತ ಕಾಮಿಕ್ಸ್ ಬಿಡಿಸುವ ಹುಚ್ಚು. ನನ್ನ ನಾಯಕಿಗೆ ಅಣಶಿ ಕಾಡಿನಲ್ಲಿ ಕರಿಚಿರತೆ ಪರಚಿ ಮಹಾಶಕ್ತಿ ಬಂದಿತ್ತು. ಹಗಲು ಶಾಲೆ, ರಾತ್ರಿ ಮುಖವಾಡ.

ಒಂದು ಸಂಜೆ ಬಸ್ಸು ಕಾಯುತ್ತ ಗರಡಿಯಲ್ಲೇ ಚಿತ್ರ ಬಿಡಿಸುತ್ತಿದ್ದೆ. ವಸ್ತಾದರು ಹಾಳೆಗಳನ್ನು ಇಸಿದುಕೊಂಡು, ಚಾಳೀಸಿನ ಲಾಡಿ ಬಿಗಿದು ಓದಲು ಕುಳಿತರು.

"ಚಿರತಿ ಪರಚಿದ್ರ ಮೊದಲ ದವಾಖಾನಿಗೆ ಹೋಗಿ ಸೂಜಿ ಮಾಡಿಸ್ಕೋಬೇಕು. ಇಕಿ ಗ್ವಾಡಿ ಏರಾಕ ಹತ್ಯಾಳಲ್ಲ!"

ಮುಖವಾಡವೂ ಅವರಿಗೆ ಒಪ್ಪಿಗೆಯಾಗಲಿಲ್ಲ. "ಕಣ್ಣಿಗೊಂದು ಅರಿವಿ ಕಟ್ಟಿದ್ರ ಗುರ್ತು ಹತ್ತಂಗಿಲ್ಲೇನು? ನಮ್ಮ ಓಣ್ಯಾಗ ನಡಿಗಿ ನೋಡೇ ಯಾರ ಮಗಳಂತ ಹೇಳ್ತಾರ." ಖಳನಾಯಕನ ಉದ್ದನೆಯ ಭಾಷಣ ಓದಿ, "ಇಂವ ಮಾತಾಡೂತನಕ ಇಕಿ ಯಾಕ ಸುಮ್ಮ ನಿಂತಾಳ? ಕಾಲು ಹಿಡದು ಕೆಡವಬಾರದ?" ಎಂದರು.

ಆಮೇಲೆ ನಾಯಕಿಯ ಗುರು ಸಾಯುವ ಪುಟ ಬಂತು. ಚಿತ್ರದ ಗುರುವಿನ ಕಿವಿ ನೋಡಿದರು, ತಮ್ಮ ಕಿವಿ ಮುಟ್ಟಿಕೊಂಡರು.

"ನನ್ನ ಯಾಕ ಕೊಂದಿ ಅವ್ವಿ?"

"ಎಲ್ಲಾ ಕಾಮಿಕ್ಸಿನ್ಯಾಗೂ ಗುರು ಸಾಯ್ತಾನ್ರೀ. ಆವಾಗ ನಾಯಕಿಗೆ ಸಿಟ್ಟು ಬರತೈತಿ, ಗೆಲ್ತಾಳ."

"ಹೌದಾ? ಹಂಗಾರ ಸಿಟ್ಟು ಬಂದ್ರ ಗೆಲ್ತಾರೇನು ನೋಡೇಬಿಡೂಣು."

ನನಗಿಂತ ಕಿರಿಯ ಹುಡುಗಿಯೊಬ್ಬಳನ್ನು ಎದುರು ನಿಲ್ಲಿಸಿ, ತಾವು ಅಖಾಡದ ಅಂಚಿನಲ್ಲಿ ಕೂತು ನನ್ನನ್ನು ಕೆಣಕತೊಡಗಿದರು. ನನ್ನ ಚಿರತೆ ಬೆಕ್ಕಿನಂತಿದೆ, ಅದೂ ಬಸುರಿ ಬೆಕ್ಕು ಎಂದರು. ಮೈಯೆಲ್ಲ ಉರಿದು ನುಗ್ಗಿದೆ. ಮರುಗಳಿಗೆ ನನ್ನ ಬೆನ್ನು ಮಣ್ಣಿಗೆ, ಕಣ್ಣು ಜಂತಿಗೆ. ಆ ಹುಡುಗಿ ನನ್ನ ಎದೆಯ ಮೇಲೆ ಕೂತು ಕಿಸಕ್ಕನೆ ನಕ್ಕಳು.

"ನೋಡಿದಿ? ನಾ ಸತ್ತದ್ದು ದಂಡ ಆತಲ್ಲ!" ವಸ್ತಾದರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನನ್ನ ಬದುಕಸು. ಅಂಚಿನ್ಯಾಗ ಕುಂತು ಕಡ್ಲಿ ತಿಂತೇನಿ. ಅಕಿ ತಪ್ಪಿದ್ರ ಒದರ್ತೇನಿ."

ಬದುಕಿಸಿದೆ. ಕುಸ್ತಿ ನನಗೆ ಹತ್ತಲಿಲ್ಲ, ಕಾಮಿಕ್ಸೇ ಕಸುಬಾಯಿತು. ಮೊದಲ ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಪ್ರಕಾಶಕರು, "ಗುರುವನ್ನು ಸಾಯಿಸಿ, ಕತೆ ಕಾವೇರುತ್ತದೆ. ಇಲ್ಲದಿದ್ದರೆ ಕಷ್ಟ" ಎಂದರು. ಪುಸ್ತಕ ಬರದಿದ್ದರೂ ಚಿಂತೆಯಿಲ್ಲ, ಗುರು ಸಾಯುವುದಿಲ್ಲ ಎಂದು ಹಟ ಹಿಡಿದೆ. ತಿಂಗಳುಗಟ್ಟಲೆ ಕಾಯಿಸಿ, ಕೊನೆಗೆ ಗೊಣಗುತ್ತಲೇ ಒಪ್ಪಿದರು. ಓದುವ ಮಕ್ಕಳಿಗೆ ಇವತ್ತು ನಾಯಕಿಗಿಂತ ಆ ಮುದುಕರೇ ಅಚ್ಚುಮೆಚ್ಚು.

ಹೋದ ಬೇಸಿಗೆಯಲ್ಲಿ ವಸ್ತಾದರು ತೀರಿಕೊಂಡರು. ಹಳಿಯಾಳದ ದಾರಿಯುದ್ದಕ್ಕೂ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಯಾರ ಮೇಲೆಂದು ತಿಳಿಯಲಿಲ್ಲ. ಗರಡಿಯ ಮಣ್ಣು ಕಾಲಿಗೆ ತಾಗಿದ ಮೇಲೆ ಬರೀ ಅಳು ಬಂತು.

ಮನೆಗೆ ಬಂದು ಹೊಸ ಪುಟ ಬಿಡಿಸಿದೆ. ನಾಯಕಿ ಮುಖವಾಡ ಕಟ್ಟಿಕೊಂಡು ಲೋಕ ಉಳಿಸಲು ಹೊರಟಿದ್ದಾಳೆ. ಮುದುಡಿದ ಕಿವಿಯ ಮುದುಕರೊಬ್ಬರು ಬಾಗಿಲಿಗೆ ಅಡ್ಡ ನಿಂತು, ಕಡಲೆಯ ಬಟ್ಟಲು ಚಾಚಿ ಕೇಳುತ್ತಾರೆ: "ಉಂಡಿಯೇನವ್ವಾ?"