ತಣ್ಣನೆಯ ನಳಿಗೆಯ ಮೊದಲ ಗುಂಡು

ಅಂಗಡಿಯಲ್ಲಿದ್ದ ರೈಫಲ್‌ಗಳಲ್ಲೇ ಅತಿ ಅಗ್ಗದ್ದನ್ನು ನಾನು ಆರಿಸಿದಾಗ ಅಂಗಡಿಯವನ ಮುಖದಲ್ಲಿ ಕರುಣೆ ಕಂಡಿತು. ಪಾಪ, ಇವಳಿಗೇನೂ ಗೊತ್ತಿಲ್ಲ ಅನ್ನುವ ಕರುಣೆ. ಯಾರಾದರೂ ಹಾಗೆ ನೋಡಿದರೆ ನನಗೆ ಮೈ ಉರಿಯುತ್ತದೆ. ಹೆಗಲಿಗೊತ್ತಿ ಹಿಡಿಯಲು ಕಪ್ಪು ಪ್ಲಾಸ್ಟಿಕ್ಕಿನ ಕಟ್ಟು, ಅದರ ಮೇಲೊಂದು ಸಾದಾ ಉಕ್ಕಿನ ನಳಿಗೆ, ನೋಡಲು ಏನೇನೂ ಅಂದವಿಲ್ಲ. ಇದರಿಂದಲೇ ಗುರಿ ಹೊಡೆದು ತೋರಿಸುತ್ತೇನೆ ಅಂತ ಅಲ್ಲೇ ಮನಸ್ಸಿನಲ್ಲಿ ಹಟ ಹಿಡಿದೆ.

ನಾನು ಮೈಸೂರಿನವಳು. ಲೀಡ್ಸ್‌ನ ಒಂದು ಕಾರ್ಖಾನೆಯಲ್ಲಿ ಅಳತೆ ನೋಡುವ ಎಂಜಿನಿಯರ್. ಹೆಡಿಂಗ್ಲೀಯ ಸಾಲುಮನೆಯೊಂದರಲ್ಲಿ ನಾನು, ನನ್ನ ಗಂಡ ಇಬ್ಬರೇ. ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಬೀರುವಿನಲ್ಲಿ ರೈಫಲ್ ಇರುತ್ತದೆ. ಬೀರುವಿನ ಕೀಲಿ ಎಲ್ಲಿದೆ ಅಂತ ಗಂಡನಿಗೂ ಗೊತ್ತಿರಬಾರದು, ಇಲ್ಲಿನ ನಿಯಮ. ಹದಿನೆಂಟು ವರ್ಷದ ಸಂಸಾರದಲ್ಲಿ ನಾನು ಅವರಿಂದ ಮುಚ್ಚಿಟ್ಟ ಒಂದೇ ಸಂಗತಿ ಅದು ಅಂತ ಅವರು ಬಂದವರಿಗೆಲ್ಲ ಹೇಳಿ ನಗುತ್ತಾರೆ. ಇನ್ನೂ ಒಂದೆರಡಿವೆ, ಇರಲಿ.

ಬೇಟೆಯ ಪರವಾನಗಿ ಉಳಿಯಬೇಕಾದರೆ ಯಾರಾದರೂ ತಮ್ಮ ಜಮೀನಿನಲ್ಲಿ ಬೇಟೆಯಾಡಲು ಒಪ್ಪಿರಬೇಕು. ನನಗೆ ಒಪ್ಪಿಗೆ ಕೊಟ್ಟಿದ್ದವರು ಕೆಲವೇ ತಿಂಗಳಲ್ಲಿ ಜಮೀನು ಮಾರಿ ಹೋದರು. ನವೀಕರಣದ ದಿನ ಹತ್ತಿರ ಬರುತ್ತಿತ್ತು. ಬೇರೆ ಜಮೀನು ಸಿಗದಿದ್ದರೆ ರೈಫಲನ್ನೇ ಬಿಟ್ಟುಕೊಡಬೇಕು. ಆಗ ನಾನು ಗುರಿ ಅಭ್ಯಾಸಕ್ಕೆ ಹೋಗುವ ಕ್ಲಬ್ಬಿನಲ್ಲಿ ಯಾರೋ ಒಬ್ಬ ವಯಸ್ಸಾದ ರೈತರ ವಿಷಯ ಹೇಳಿದರು. ಉತ್ತರಕ್ಕೆ ಕಾರಿನಲ್ಲಿ ಒಂದು ಗಂಟೆ, ಗುಡ್ಡದ ಮೇಲೆ ಅವರ ಜಮೀನು. ಅವರು ನೆಟ್ಟ ಸಸಿಗಳ ಕುಡಿಯನ್ನೆಲ್ಲ ಜಿಂಕೆಗಳು ಮೇಯುತ್ತಿದ್ದವು.

ಹೋಗಿ ಕೇಳಿದೆ. ಹಿಂದೊಬ್ಬ ಬೇಟೆಗಾರ ಜಿಂಕೆಯ ಕಾಲಿಗೆ ಹೊಡೆದು ಹಾಗೇ ಬಿಟ್ಟುಹೋಗಿದ್ದನಂತೆ. ಕುಂಟುತ್ತಿದ್ದ ಆ ಪ್ರಾಣಿಯನ್ನು ಹುಡುಕಿಕೊಂಡು ಇವರು ಇಡೀ ದಿನ ಗುಡ್ಡ ಅಲೆದಿದ್ದರು. ಅಂದಿನಿಂದ ಅವರದು ಒಂದೇ ಷರತ್ತು. ಅವರ ಹಳೆಯ ಕಲ್ಲು ಕ್ವಾರಿಯಲ್ಲಿ, ನೂರು ಮೀಟರಿನಿಂದ, ಕಪ್ಪಿನ ಕೆಳಗಿಡುವ ಸಾಸರಿನಷ್ಟು ವೃತ್ತಕ್ಕೆ ಒಂದೇ ಗುಂಡು. ಅಭ್ಯಾಸದ ಗುಂಡಿಲ್ಲ. ಒಳಗೆ ಬಿದ್ದರೆ ಬರಬಹುದು, ಇಲ್ಲದಿದ್ದರೆ ಇಲ್ಲ. ಎರಡು ತಿಂಗಳು ಸಮಯ ಕೇಳಿ ಬಂದೆ.

ಆಗ ನನ್ನ ರೈಫಲಿನ ಗುಂಡುಗಳು ಊಟದ ತಟ್ಟೆಯ ತುಂಬ ಹರಡಿಕೊಂಡು ಬೀಳುತ್ತಿದ್ದವು. ನಳಿಗೆ ಮತ್ತು ಕಟ್ಟಿನ ನಡುವೆ ಒಂದು ಕಾಗದದ ಪಟ್ಟಿ ತೂರಿಸಿ ಎಳೆದು ನೋಡಿದೆ. ಅರ್ಧದಲ್ಲೇ ಸಿಕ್ಕಿಕೊಂಡಿತು. ಅಗ್ಗದ ಪ್ಲಾಸ್ಟಿಕ್ ಬಾಗಿ ನಳಿಗೆಗೆ ತಾಗುತ್ತಿತ್ತು, ಅದೂ ಪ್ರತಿ ಸಲ ಬೇರೆ ಬೇರೆ ರೀತಿ. ಅಡುಗೆಮನೆಯಿಂದ ಲಟ್ಟಣಿಗೆ ತಂದು, ಅದಕ್ಕೆ ಉಜ್ಜುಕಾಗದ ಸುತ್ತಿ, ಕಟ್ಟಿನ ಒಳಗನ್ನು ಎರಡು ಶನಿವಾರ ಕೂತು ತಿಕ್ಕಿದೆ. ಕಾಗದ ಸಲೀಸಾಗಿ ಓಡಾಡುವವರೆಗೂ ಬಿಡಲಿಲ್ಲ. ಆ ಲಟ್ಟಣಿಗೆಯಲ್ಲಿ ಮತ್ತೆ ಚಪಾತಿ ಲಟ್ಟಿಸಲು ಗಂಡ ಒಪ್ಪಲಿಲ್ಲ, ಹೊಸದು ತಂದರು.

ಆಮೇಲೆ ಸ್ಕ್ರೂಗಳನ್ನೆಲ್ಲ ಅಳತೆಯಿಟ್ಟು ಬಿಗಿದೆ. ಐದು ಕಂಪನಿಯ ಗುಂಡು ಪ್ರಯತ್ನಿಸಿದೆ. ಅಕ್ಕಿಯ ಹಾಗೆ ಇದೂ, ಒಬ್ಬರ ಮನೆಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗುವುದಿಲ್ಲ. ನನ್ನದಕ್ಕೆ ಒಗ್ಗಿದ್ದು ಸಾಧಾರಣದ್ದೇ. ಒಂದು ಭಾನುವಾರ ಮೂರು ಗುಂಡು ಒಂದು ಬೆಂಕಿಪೊಟ್ಟಣ ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. ದುಬಾರಿ ರೈಫಲಿನವರೆಲ್ಲ ಬಂದು ನನ್ನ ಗುರಿಯ ಕಾಗದ ನೋಡಿ ಹೋದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ರೈತರು ಹೇಳಿದ ದಿನ ಆಯುಧಪೂಜೆಯ ಮಾರನೆಯ ದಿನಕ್ಕೆ ಬಿತ್ತು. ಹಬ್ಬದ ದಿನ ಗಂಡ ಕಾರಿನ ಕೀಲಿ, ಲ್ಯಾಪ್‌ಟಾಪು, ಮಿಕ್ಸಿ ಎಲ್ಲ ಸಾಲಾಗಿಟ್ಟರು. ನಾನು ರೈಫಲ್ ತಂದಿಟ್ಟೆ. ನಮ್ಮ ತವರಿನಲ್ಲಿ ಆ ದಿನ ಮನೆಯ ಕಬ್ಬಿಣಕ್ಕೆಲ್ಲ ಎಣ್ಣೆ, ಈಳಿಗೆಮಣೆಯಿಂದ ಹೊಲಿಗೆ ಮಷೀನಿನವರೆಗೆ. ಅದೇ ಅಕ್ಕರೆಯಲ್ಲಿ ನಳಿಗೆಯ ಒಳಗೂ ಹೊರಗೂ ಎಣ್ಣೆ ಹಚ್ಚಿ, ಕುಂಕುಮವಿಟ್ಟು, ಹೂ ಮುಡಿಸಿದೆ.

ಮರುದಿನ ಕ್ವಾರಿಯಲ್ಲಿ ಗುಂಡು ವೃತ್ತದಿಂದ ಮೂರು ಬೆರಳು ಮೇಲೆ ಬಿತ್ತು. ಇನ್ನೊಂದು ಹೊಡೆಯಲೇ ಎಂದು ಕೇಳಿದೆ. ರೈತರು ಕಾಗದ ಬಿಚ್ಚಿ ಮಡಚುತ್ತ, “ಜಿಂಕೆ ಎರಡನೇ ಗುಂಡಿಗೆ ಕಾಯೋದಿಲ್ಲ,” ಅಂದರು. ದನಿಯಲ್ಲಿ ಕೋಪವಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಕಾರಿನಲ್ಲಿ ಕೂತು ಅತ್ತೆ. ನಾಚಿಕೆಯಿಂದ ಅತ್ತೆ, ಇದನ್ನು ಗಂಡನಿಗೆ ಹೇಳಲಿಲ್ಲ.

ಮನೆಗೆ ಬಂದು ಗುಂಡು ತಪ್ಪಿತು ಅಂದಾಗ ಅವರಿಗೆ ಆಶ್ಚರ್ಯ. “ಅಲ್ಲಾ ಕಣೇ, ನಿನ್ನೆ ಅಷ್ಟೊಂದು ಎಣ್ಣೆ ಕುಡಿಸಿ, ಪೂಜೆ ಮಾಡಿ ತಗೊಂಡ್ಹೋದೆ. ಆದ್ರೂ ತಪ್ಪಿತಾ?” ಅಂದರು.

ಎಣ್ಣೆ ಅನ್ನುವ ಮಾತು ಕೇಳಿ ಎದ್ದುಹೋಗಿ ನನ್ನ ಶೂಟಿಂಗ್ ನೋಟ್‌ಬುಕ್ ತೆಗೆದೆ. ಪ್ರತಿ ದಿನದ ಮೊದಲ ಗುಂಡನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಪಕ್ಕದಲ್ಲಿ ‘ಬೆಚ್ಚಗಾಗಲು’ ಅಂತ ಬರೆದು ಬಿಟ್ಟಿದ್ದೆ. ಆ ಮೊದಲ ಗುಂಡುಗಳೆಲ್ಲ ಮೇಲೆಯೇ ಬಿದ್ದಿದ್ದವು. ಪ್ರತಿ ಸಲ ಬೀರುವಿಗಿಡುವ ಮೊದಲು ನಾನು ಎಣ್ಣೆ ಹಚ್ಚುತ್ತಿದ್ದೆ. ನಳಿಗೆಯಲ್ಲಿ ಉಳಿದ ಎಣ್ಣೆ ಮೊದಲ ಗುಂಡನ್ನು ಕೆಡಿಸಿ ಸುಟ್ಟುಹೋಗುತ್ತಿತ್ತು. ಹಬ್ಬಕ್ಕೆ ಕೈತುಂಬ ಹಚ್ಚಿದ್ದೆ. ದಿನವಿಡೀ ಬೇರೆಯವರ ಅಳತೆಯ ತಪ್ಪು ಹಿಡಿಯುವವಳು ಬೇಡದ ಅಳತೆಯನ್ನು ಬದಿಗೆ ತಳ್ಳಿದ್ದೆ. ಥೂ ನನ್ನ ಬುದ್ಧಿಗಿಷ್ಟು ಅಂದುಕೊಂಡೆ.

ಅಂದಿನಿಂದ ಹೊರಡುವ ಮುನ್ನ ಬಿಳಿ ಬಟ್ಟೆ ಕಲೆಯಿಲ್ಲದೆ ಹೊರಬರುವ ತನಕ ನಳಿಗೆ ಒರೆಸಿದೆ. ಶನಿವಾರ ಕ್ಲಬ್ಬಿಗೆ ಹೋಗಿ ಒಂದೇ ಗುಂಡು ಹೊಡೆದು, ರೈಫಲ್ ಚೀಲಕ್ಕೆ ಹಾಕಿ, ಮನೆಗೆ ಬಂದೆ. ಮುಂದಿನ ಶನಿವಾರ ಅದೇ ಕಾಗದಕ್ಕೆ ಇನ್ನೊಂದು. ಇವಳಿಗೆ ಗುಂಡು ಕೊಳ್ಳಲು ಗತಿಯಿಲ್ಲ ಅಂತ ಕ್ಲಬ್ಬಿನವರು ಚೇಷ್ಟೆ ಮಾಡಿದರು. ಮಳೆ ಬಂದ ದಿನವೂ ಹೋದೆ, ಜ್ವರವಿದ್ದ ದಿನವೂ ಹೋದೆ. ಏಳು ಶನಿವಾರ, ಏಳು ತೂತು. ಸಾಸರ್ ಬೋರಲಿಟ್ಟರೆ ಏಳೂ ಅದರಡಿ.

ಆ ಕಾಗದವನ್ನು ರೈತರಿಗೆ ಅಂಚೆಯಲ್ಲಿ ಕಳಿಸಿದೆ. ಪ್ರತಿ ತೂತೂ ಬೇರೆ ಶನಿವಾರದ್ದು, ಎಲ್ಲವೂ ಮೊದಲ ಗುಂಡು, ಅಂದು ತಪ್ಪಿದ್ದು ನಾನು ಹಚ್ಚಿದ ಎಣ್ಣೆಯಿಂದ ಅಂತ ಬರೆದೆ. ಹತ್ತು ದಿನ ಸುದ್ದಿಯಿಲ್ಲ. ಆಮೇಲೆ ಫೋನ್ ಬಂತು. ಗುರುವಾರ ಬೆಳಿಗ್ಗೆ ಬರಬೇಕಂತೆ, ಒಂದೇ ಗುಂಡು ತರಬೇಕಂತೆ.

ಗುರುವಾರ ಹುಲ್ಲಿನ ಮೇಲೆಲ್ಲ ಹಿಮ ಬಿದ್ದಿತ್ತು. ರೈತರು ನನ್ನ ಹಿಂದೆ ಕೈಕಟ್ಟಿ ನಿಂತರು. ಮಲಗಿ, ಉಸಿರು ಅರ್ಧ ಬಿಟ್ಟು, ರೈಫಲಿನ ಕುದುರೆ ಒತ್ತಿದೆ. ಅವರು ಅವಸರವಿಲ್ಲದೆ ನೂರು ಮೀಟರ್ ನಡೆದು ಹೋದರು. ಕಾಗದದ ಮುಂದೆ ಬಹಳ ಹೊತ್ತು ನಿಂತರು. ವಾಪಸ್ ಬಂದು ಕಾಗದವನ್ನು ನನ್ನ ಕೈಗಿತ್ತರು. ತೂತು ನಟ್ಟನಡುವೆ ಇತ್ತು.

“ಪರವಾಗಿಲ್ಲ,” ಅಂದರು. ಆ ಗುಡ್ಡದವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಇಂದಿಗೂ ಕೇಳಿಲ್ಲ. ಆಮೇಲೆ ಕೋಟಿನ ಜೇಬಿನಿಂದ ಕೀಲಿಗೊಂಚಲು ತೆಗೆದು, ಚಳಿಗೆ ಮರಗಟ್ಟಿದ ಬೆರಳಲ್ಲಿ ಒಂದನ್ನು ಬಿಡಿಸಲು ಹೆಣಗಿದರು. ಕೊನೆಗೆ ಬಿಡಿಸಿ ಕೊಟ್ಟರು. ಒಪ್ಪಿಗೆ ಪತ್ರ ಬರೆದು ಕಳಿಸುತ್ತೇನೆ, ಕೆಳಗಿನ ಗೇಟು ಹಾಕುವುದು ಮಾತ್ರ ಮರೆಯಬೇಡ ಅಂದರು. ಹದಿಮೂರು ವರ್ಷದಿಂದ ಈ ದೇಶದಲ್ಲಿದ್ದೇನೆ, ತಮ್ಮ ನೆಲದ ಕೀಲಿಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಕಾರನ್ನು ಗೇಟು ದಾಟಿಸಿ ನಿಲ್ಲಿಸಿದೆ, ಇಳಿದೆ, ನನ್ನ ಕೀಲಿಯಿಂದ ನಾನೇ ಬೀಗ ಹಾಕಿದೆ.